ಮುಸಲ್ಲಂ ಕಟ್ಟಿಸಿದ ಮಜ್ಲಿಸ್

ಹಳ್ಳ ಉಕ್ಕಿ ಜುವೈನಾಳ ಮನೆ ಕೊಚ್ಚಿಕೊಂಡು ಹೋದ ಮೇಲೆ ಮಸ್ಕತ್ತಿನಿಂದ ಇಂಜಿನಿಯರುಗಳು ಬಂದು, ನಮ್ಮೂರಿನ ಮೇಲ್ಗಡೆ ಎರಡು ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಿಕೊಟ್ಟರು. ಆಮೇಲೆ ಮಳೆ ನಮ್ಮ ಕಡೆ ತಲೆ ಹಾಕಲಿಲ್ಲ. ವರ್ಷಗಟ್ಟಲೆ ಅಣೆಕಟ್ಟು ಬಿಸಿಲನ್ನೇ ತಡೆದುಕೊಂಡು ನಿಂತಿತ್ತು.

ಜುವೈನಾಳ ತಮ್ಮ ಮುಸಲ್ಲಂ ನಮ್ಮೂರಿನ ಮಹಾಜ್ಞಾನಿ. ಓದಿದವರನ್ನು ಕಂಡರೆ ಅವನಿಗೆ ಕನಿಕರ. "ಗಾಳಿ ಹಿಡಿದಿಡೋಕೆ ಎಷ್ಟು ದೊಡ್ಡ ಗೋಡೆ ನೋಡಿ" ಎಂದು ನಗುತ್ತಿದ್ದ. ನಕ್ಕು ಸುಮ್ಮನಾಗಲಿಲ್ಲ. ಅಣೆಕಟ್ಟಿನ ಒಳಮಗ್ಗುಲಲ್ಲಿ, ನೀರು ನಿಲ್ಲಬೇಕಾದ ಜಾಗದಲ್ಲೇ, ನೆಂಟರಿಷ್ಟರನ್ನು ಕೂರಿಸಲು ಭರ್ಜರಿ ಮಜ್ಲಿಸ್ ಕಟ್ಟಿಸಿದ. 'ಇಲ್ಲಿ ಇಳಿಯಬೇಡಿ' ಎಂಬ ಸರ್ಕಾರಿ ಫಲಕ ಗಟ್ಟಿಮುಟ್ಟಾಗಿತ್ತು. ಅದನ್ನು ಕಿತ್ತು ತಂದು ಆಡಿನ ಕೊಟ್ಟಿಗೆಗೆ ಸೂರು ಮಾಡಿದ.

"ನೀರು ಬಂದ್ರೆ ಏನೋ ಮಾಡ್ತೀಯ ತಮ್ಮಾ?" ಎಂದಳು ಜುವೈನಾ.

"ಬರೋದಾದ್ರೆ ನನ್ನ ಕೇಳ್ಕೊಂಡೇ ಬರುತ್ತೆ ಬಿಡಕ್ಕ."

ಮಜ್ಲಿಸ್ ತೆರೆದ ದಿನ ಊರಿಗೆಲ್ಲ ಊಟ. ಹೊಸ ರತ್ನಗಂಬಳಿ, ಹರಿವಾಣ ತುಂಬಾ ಅನ್ನ, ಅದರ ಮೇಲೆ ಆಡಿನ ಮಾಂಸ. ನಾವೂ ಹೋದೆವು. ಜಾಗದ ಬಗ್ಗೆ ಅನುಮಾನವಿದ್ದರೂ ಅನ್ನದ ಬಗ್ಗೆ ಇರಲಿಲ್ಲ. ಜುವೈನಾ ಮಾತ್ರ ಕೆಳಗಿಳಿಯದೆ ಅಣೆಕಟ್ಟಿನ ಮೇಲೆ ಕೂತಳು. ನಮ್ಮ ತಲೆಯ ಮೇಲೆ ಒಂದು ಮೋಡವಿಲ್ಲ. ದೂರದ ಬೆಟ್ಟ ಮಾತ್ರ ಮೋಡ ಕವಿದು ಕಪ್ಪಿಟ್ಟಿತ್ತು.

"ನೀರು ಬಂತು! ಎದ್ದೇಳ್ರೋ!" ಎಂದು ಜುವೈನಾ ಮೇಲಿಂದ ಕೂಗಿದಳು.

"ಅಕ್ಕನಿಗೆ ಹಸಿವು ತಡೀತಿಲ್ಲ, ಯಾರಾದ್ರೂ ಒಂದು ತಟ್ಟೆ ಕೊಟ್ಟು ಬನ್ನಿ" ಅಂದ ಮುಸಲ್ಲಂ. ನಾವೆಲ್ಲ ನಕ್ಕೆವು.

ಜುವೈನಾ ಮತ್ತೆ ಕೂಗಿದಳು: "ಮಂತ್ರಿಗಳ ಕಾರು ಬಂದಿದೆ! ಮೊದಲು ಬಂದವರಿಗೆ ಏನೋ ಹಂಚ್ತಾರಂತೆ!"

ಜೀವ ಉಳಿಸಿಕೊಳ್ಳಲು ಏಳದ ನಾವು ಎಂಜಲು ಕೈಯಲ್ಲೇ ಓಡಿದೆವು. ಎಲ್ಲರಿಗಿಂತ ಮುಂದೆ ಮುಸಲ್ಲಂ. ಮೇಲೆ ಹತ್ತಿ "ಎಲ್ಲಿ ಕಾರು?" ಎನ್ನುವಷ್ಟರಲ್ಲಿ ಕೆಂಪು ನೀರು ಬಂಡೆಗಳನ್ನು ಉರುಳಿಸಿಕೊಂಡು ಬಂದು ಮಜ್ಲಿಸಿನೊಳಗೆ ನುಗ್ಗಿತು. ಆಡುಗಳು ಯಾರ ಮಾತಿಗೂ ಕಾಯದೆ ಆಗಲೇ ಗುಡ್ಡ ಹತ್ತಿದ್ದವು. ರತ್ನಗಂಬಳಿ ತೇಲಿತು, ಅನ್ನದ ಹಂಡೆ ತೇಲಿತು, ಕೊನೆಗೆ ಚಾವಣಿಯೂ ಕಾಣದಾಯಿತು. ಕಟ್ಟೆ ಅಲುಗಲಿಲ್ಲ. ಕೆಳಗೆ ಊರಿನಲ್ಲಿ ಒಣಹಾಕಿದ್ದ ಬಟ್ಟೆಗೂ ಹನಿ ಸೋಕಲಿಲ್ಲ.

"ನೋಡಿದ್ರಾ! ಈ ಕಟ್ಟೆ ಇಲ್ದಿದ್ರೆ ನೀರು ತನ್ನ ಪಾಡಿಗೆ ಹರಿದು ಹೋಗ್ತಿತ್ತು. ನನ್ನ ಮಜ್ಲಿಸ್ ಮುಳುಗಿಸಿದ್ದೇ ಇದು!" ಎಂದು ಮುಸಲ್ಲಂ ಅರಚಿದ. ನಮ್ಮಲ್ಲಿ ಕೆಲವರು ಹೌದೌದೆಂದರು. ಊಟ ಅರ್ಧಕ್ಕೆ ಬಿಟ್ಟ ಸಂಕಟ, ಪಾಪ.

"ಹೋಗ್ತಿತ್ತಪ್ಪ, ನಮ್ಮ ಅಡುಗೆಮನೆ ಮೇಲೆ" ಅಂದಳು ಜುವೈನಾ.

ಅವನನ್ನು, ಮತ್ತೆ ಕಟ್ಟಿಸಿಕೊಂಡಿದ್ದ ತನ್ನ ಮನೆಗೇ ಕರೆದೊಯ್ದಳು. ಕಾಫಿ ಕೊಟ್ಟರೆ ಅರ್ಧ ಚೆಲ್ಲಿಕೊಂಡ. ಅವಳೇ ಲೋಟ ಹಿಡಿದು ಕುಡಿಸಿದಳು.

"ಸುಳ್ಳು ಹೇಳಿದೆಯಲ್ಲಕ್ಕ" ಅಂದ, ಕಣ್ಣೊರೆಸಿಕೊಳ್ಳುತ್ತ.

"ನಿಜ ಹೇಳಿದಾಗ ನೀನೆಲ್ಲಿ ಬಂದೆ?"

ಈಗ ಮುಸಲ್ಲಂ ಗುಡ್ಡದ ನೆತ್ತಿಯಲ್ಲಿ ಮಜ್ಲಿಸ್ ಕಟ್ಟಿಸುತ್ತಿದ್ದಾನೆ. ನೀರಿಗೆ ಹೆದರಿ ಅಲ್ಲವಂತೆ. ಅಲ್ಲಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದಂತೆ.