ಮೂಡಲಗಿಗೆ ಬಂದ ಹಿಮದ ಟೈರುಗಳು

ಮೂಡಲಗಿಯ ಮುರಿಗೆಪ್ಪ ಯಾವುದನ್ನೂ ಅವಸರದಲ್ಲಿ ಕೊಂಡವನಲ್ಲ. ಗೋವಿನಜೋಳ ಮತ್ತು ಅರಿಶಿಣದ ದಲಾಲಿ ಅಂಗಡಿ ಅವನದು. ಚೀಲದೊಳಗೆ ಮೊಣಕೈತನಕ ಕೈ ಹಾಕಿ, ತಳದ ಒಂದು ಕಾಳು ತೆಗೆದು, ಹಲ್ಲಿನಲ್ಲಿ ಕಡಿದು ನೋಡಿ, ಇದರಲ್ಲಿ ಹಸಿ ಎಷ್ಟಿದೆ ಎಂದು ಹೇಳುತ್ತಿದ್ದ, ಹೇಳಿದ್ದು ತಪ್ಪುತ್ತಿರಲಿಲ್ಲ. ಮನೆಯ ನೆಲಕ್ಕೆ ಹಾಸುವ ಫರಸಿ ಆರಿಸಲು ಅವನಿಗೆ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷವೂ ಅವನ ಹೆಂಡತಿ ಭಾಗ್ಯಾ ಅಗೆದಿಟ್ಟ ನೆಲದ ಮೇಲೆಯೇ ರೊಟ್ಟಿ ಬಡಿದಳು. "ಆರಿಸೂದ್ರಾಗ ಐತಿ ಎಲ್ಲಾ" ಎನ್ನುವುದು ಅವನ ಮಾತು. ಭಾಗ್ಯಾಳನ್ನು ಮಾತ್ರ ಅರ್ಧ ತಾಸಿನಲ್ಲಿ ಆರಿಸಲಾಗಿತ್ತು. ಅದೂ ಆರಿಸಿದ್ದು ಅವನ ಅವ್ವ.

ಭಾಗ್ಯಾ ಗಂಡನನ್ನು ಜೀವಮಾನದಲ್ಲಿ ಕೇಳಿದ್ದು ಒಂದೇ. ಚಿಕ್ಕವಳಿದ್ದಾಗ ಅವಳ ಸೋದರತ್ತೆಯೊಬ್ಬಳು ಬದರಿಗೆ ಹೋಗಿ ಹಿಮ ಬೀಳುವುದನ್ನು ನೋಡಿ ಬಂದಿದ್ದಳು. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಲು ಮನೆಮಂದಿಯೆಲ್ಲ ಹೋದಾಗ ಆ ಅತ್ತೆ, "ಇಷ್ಟೂ ನೀರು ಬೆಳ್ಳಗಾಗಿ, ಸಪ್ಪಳಿಲ್ಲದಂಗ ಬಿದ್ರ ಹೆಂಗ? ಬರ್ಫ ಹಂಗ ಬೀಳತೈತಿ" ಎಂದಿದ್ದಳು. ಭೋರ್ಗರೆವ ಕೆಂಪು ನೀರಿನ ಮುಂದೆ ನಿಂತು ಹುಡುಗಿ ಭಾಗ್ಯಾ ಸಪ್ಪಳವನ್ನು ಕಳೆದು ನೋಡಲು ಯತ್ನಿಸಿದಳು. ಆಗಲಿಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ಗಂಡನಿಗೆ ಹೇಳಿದಳು. "ತೋರಸ್ತೀನಿ" ಎಂದ ಅವನು. ಇಪ್ಪತ್ತಾರು ವರ್ಷ ಹಾಗೆಯೇ ಎನ್ನುತ್ತ ಬಂದ.

ಒಂದು ದಸರೆಗೆ ಮುರಿಗೆಪ್ಪ ಬೆಳಗಾವಿಯಿಂದ ಉದ್ದನೆಯ ಕಪ್ಪು ಸೆಡಾನ್ ತಂದ. ವಿದೇಶಿ ಹೆಸರಿನ ಗಾಡಿ. ಎಂಜಿನ್ನಿನ ಬಲ ನಾಲ್ಕೂ ಗಾಲಿಗಳಿಗೆ ಹೋಗುವಂಥದ್ದು. ಪೂಜೆಗೆ ಬಂದ ಓಣಿಯವರಲ್ಲಿ ಒಬ್ಬರು ಕೇಳಿಯೇಬಿಟ್ಟರು: "ಕಬ್ಬಿನ ಟ್ರ್ಯಾಕ್ಟರ್ರs ಎರಡು ಗಾಲಿ ಮ್ಯಾಲ ಎಳೀತೈತಿ. ನಿಮಗ ನಾಲ್ಕ್ಯಾಕ್ರಿ?"

"ಭಾಗ್ಯಾಗ ಬರ್ಫ ತೋರ್ಸಾಕ," ಎಂದ ಮುರಿಗೆಪ್ಪ, ಎಲ್ಲರಿಗೂ ಕೇಳುವಂತೆ.

ಗಾಲಿಯ ಕೆಳಗೆ ಲಿಂಬೆಹಣ್ಣು ಇಡುತ್ತಿದ್ದ ಭಾಗ್ಯಾಳ ಕೈ ತಡೆಯಿತು. ಆ ವಾರವೇ ಅವಳು ಗೋಕಾಕಕ್ಕೆ ಹೋಗಿ ಎರಡು ಸ್ವೆಟರ್ ತಂದಳು. ತನ್ನದು ನೀಲಿ, ಅವನದು ಕಂದು. ಅದಕ್ಕೆ ಅವಳಿಗೆ ಬೇಕಾದದ್ದು ಹತ್ತು ನಿಮಿಷ.

ಜನವರಿಯಲ್ಲಿ ಹೊರಡುವುದು ಎಂದು ನಿಶ್ಚಯವಾಗಿತ್ತು. ದೀಪಾವಳಿಗೆ ಹುಕ್ಕೇರಿಯಿಂದ ಭಾಗ್ಯಾಳ ತಮ್ಮ ಗುರುಪಾದ ಬಂದ. ಗುರುಪಾದನಿಗೆ ಎಲ್ಲ ವಿಷಯ ಗೊತ್ತಿತ್ತು. ಎಲ್ಲಿಂದ ಗೊತ್ತು ಎಂದು ಯಾರೂ ಕೇಳಬಾರದು ಅಷ್ಟೆ. ಗಾಡಿಯ ಸುತ್ತ ಎರಡು ಸಲ ತಿರುಗಿ, ಕುಕ್ಕರುಗಾಲಲ್ಲಿ ಕುಳಿತು ಟೈರನ್ನು ಬೆರಳಿನಿಂದ ಒತ್ತಿದ.

"ಮಾಮಾರ, ಗಾಡಿ ಏನೋ ಛಲೋ ಐತಿ. ಆದ್ರ ಈ ಟಾಯರ್ ಮ್ಯಾಲ ಬರ್ಫದಾಗ ಹೋದ್ರ ಜಾರತೈತ್ರಿ."

"ಏ, ನಾಲ್ಕೂ ಗಾಲಿ ಎಳಿಯೂ ಗಾಡಿಪಾ ಇದು!"

"ಅದಕ್ಕ ನಾಲ್ಕೂ ಕೂಡೇ ಜಾರತಾವು. ನಮ್ಮಂಥಾವ್ರ ಗಾಡಿ ಎರಡರ ಮ್ಯಾಲರ ಜಾರತೈತಿ."

"ಮತ್ತೇನ ಮಾಡಬೇಕಂತಿ?"

"ವಿಂಟರ್ ಟಾಯರ್ ಅಂತ ಬ್ಯಾರೇನ ಬರತಾವ್ರಿ. ಏಳು ಡಿಗ್ರಿ ಕೆಳಗ ನಮ್ಮ ಟಾಯರ್ ಕಲ್ಲಾಕ್ಕಾವು. ಅವು ಮೆತ್ತಗ ಇರತಾವು."

ಚಕ್ಕುಲಿಯ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾಗ್ಯಾ ಗಂಡನ ಮುಖ ನೋಡಿದಳು. ಫರಸಿ ಆರಿಸುವಾಗ ಆ ಮುಖದಲ್ಲಿ ಮೂಡಿದ್ದ ಕಳೆ ಮತ್ತೆ ಮೂಡಿತ್ತು. ಜನವರಿ ಕೈತಪ್ಪಿತು ಎಂದು ಅವಳಿಗೆ ಆಗಲೇ ತಿಳಿಯಿತು. ಆದರೂ ತಮ್ಮನಿಗೆ ಚಕ್ಕುಲಿ ಕೊಟ್ಟಳು.

ಮುರಿಗೆಪ್ಪ ಫೋನಿನಲ್ಲಿ ನಾರ್ವೆ, ಕೆನಡಾಗಳ ಜನ ಟೈರಿನ ಬಗ್ಗೆ ಮಾತಾಡುವುದನ್ನು ನೋಡತೊಡಗಿದ. ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಅವರ ಕೈಸನ್ನೆಯಿಂದ ತಿಳಿದುಕೊಳ್ಳುತ್ತಿದ್ದ. ಗೋಡೆಗೆ ಉಷ್ಣಮಾಪಕ ತೂಗುಹಾಕಿ ದಿನಾ ಬೆಳಿಗ್ಗೆ ಎದ್ದು ನೋಡಿದ. ಆ ಚಳಿಗಾಲದಲ್ಲಿ ಅದು ಹದಿಮೂರಕ್ಕಿಂತ ಕೆಳಗಿಳಿಯಲಿಲ್ಲ. ಅವನಿಗೆ ಊರಿನ ಹವಾಮಾನದ ಮೇಲೆ ತುಸು ಬೇಸರವಾಯಿತು.

ಗೋಕಾಕದಲ್ಲಿ ಲಗಮಣ್ಣನ ಟೈರ್ ಅಂಗಡಿ. ಮುರಿಗೆಪ್ಪನ ಲಾರಿಗಳಿಗೆ ಹದಿನೈದು ವರ್ಷಗಳಿಂದ ಟೈರು ಹಾಕಿದವನು ಅವನೇ. ಮುರಿಗೆಪ್ಪ ಬಂದು ಕೇಳಿದಾಗ ಲಗಮಣ್ಣ ಅಂಗಡಿಯಲ್ಲಿದ್ದ ಟೈರುಗಳ ಅಟ್ಟಿಯತ್ತ ಕೈ ತೋರಿಸಿದ.

"ಸಾವಕಾರ್ರ, ನನ್ನ ಹಂತ್ಯಾಕ ಇರೂವು ಬ್ಯಾಸಗಿ ಟಾಯರ್. ಮಳಗಾಲಕ್ಕೂ ಅವ, ಚಳಿಗಾಲಕ್ಕೂ ಅವ."

"ನೀ ಬರ್ಫ ನೋಡಿಯೇನು?"

"ನೋಡೇನಲ್ರಿ. ಸೋಡಾದಾಗ."

ಆದರೂ ಲಗಮಣ್ಣ ಪುಣೆಯ ಒಬ್ಬ ವ್ಯಾಪಾರಿಯನ್ನು ಹುಡುಕಿಕೊಟ್ಟ. ವಿದೇಶದಿಂದ ತರಿಸುವುದು, ತಡವಾಗುತ್ತದೆ ಎಂದ ಅವನು. ಎರಡು ಸಾಕೇ ಎಂದು ಕೇಳಿದ್ದಕ್ಕೆ ಮುರಿಗೆಪ್ಪ ಫೋನಿನಲ್ಲೇ ಪಾಠ ಮಾಡಿದ: ಇಂಥ ಗಾಡಿಗೆ ನಾಲ್ಕೂ ಒಂದೇ ಜಾತಿಯವು, ಒಂದೇ ಸವೆತದವು ಇರಬೇಕು; ಇಲ್ಲವಾದರೆ ಗಾಲಿಗಳು ಒಂದಕ್ಕೊಂದು ಜಗಳಾಡಿ ಒಳಗಿನ ಹಲ್ಲುಗಳನ್ನು ತಿನ್ನುತ್ತವೆ. ಜನವರಿ ಕೊನೆಗೆ ಟೈರು ಬಂದವು. ಮುರಿಗೆಪ್ಪ ಕನ್ನಡಕ ಏರಿಸಿ ಬದಿಯ ಅಕ್ಷರಗಳನ್ನೆಲ್ಲ ಓದಿದ. ಚಳಿಗಾಲದ ಟೈರಿಗೆ ಬೆಟ್ಟದ ಚಿತ್ರದೊಳಗೆ ಹಿಮದ ಹೂವಿನ ಗುರುತು ಇರಬೇಕಿತ್ತು, ಇರಲಿಲ್ಲ. ಅವು ಎಲ್ಲ ಕಾಲಕ್ಕೂ ನಡೆಯುವ ಟೈರುಗಳು.

"ನಡೀತಾವ ಅಂದ್ರ ಆತಲ್ರಿ," ಎಂದ ಲಗಮಣ್ಣ.

"ಎಲ್ಲಾ ಕಾಲಕ್ಕೂ ನಡಿಯೂವು ಯಾವ ಕಾಲಕ್ಕೂ ನೆಟ್ಟಗ ನಡಿಯೂದಿಲ್ಲ," ಎಂದು ಮುರಿಗೆಪ್ಪ ವಾಪಸು ಕಳಿಸಿದ.

ಫೆಬ್ರುವರಿ ಮುಗಿಯಿತು. ಭಾಗ್ಯಾ ಸ್ವೆಟರುಗಳ ನಡುವೆ ಒಣಗಿದ ಬೇವಿನೆಲೆ ಇಟ್ಟು ಟ್ರಂಕಿಗೆ ಹಾಕಿದಳು.

ಮುಂದಿನ ಚಳಿಗಾಲಕ್ಕೆ ಮುರಿಗೆಪ್ಪ ಮೊದಲೇ ಎಚ್ಚರಗೊಂಡ. ಹಿಮದ ಗುರುತಿನ ಟೈರು ಗಣೇಶ ಚೌತಿಗೇ ಬಂದವು. ಅಷ್ಟರಲ್ಲಿ ಅವನು ಇನ್ನೊಂದು ಸಂಗತಿ ಕಲಿತಿದ್ದ. ಹಿಮಕ್ಕೆ ರಿಮ್ ಒಂದಿಂಚು ಸಣ್ಣದಿದ್ದು ಟೈರಿನ ಬದಿ ದಪ್ಪ ಇದ್ದರೆ ಒಳ್ಳೆಯದು. ಕಲ್ಲುಗುಂಡಿಗೆ ಬಿದ್ದರೆ ಏಟು ರಬ್ಬರಿಗೆ ಬೀಳುತ್ತದೆ, ರಿಮ್ಮು ಉಳಿಯುತ್ತದೆ. ಆದ್ದರಿಂದ ಆ ಟೈರುಗಳನ್ನು ಬದಲಿಸಿ ಸಣ್ಣ ಅಳತೆಯವು ತರಿಸಿದ. ಅವಕ್ಕೆ ಸಣ್ಣ ರಿಮ್ಮು ಹುಡುಕಬೇಕಾಯಿತು. ಬೆಳ್ಳಿ ಬಣ್ಣವೋ ಕಪ್ಪೋ ಎಂಬುದಕ್ಕೆ ಮೂರು ವಾರ ಹೋದವು. ಭಾಗ್ಯಾಳನ್ನೂ ಕೇಳಿದ. "ಬರ್ಫ ಬೆಳ್ಳಗ ಇರತೈತಿ, ಕರೀವು ತಗೋರಿ, ಕಾಣತಾವು," ಎಂದಳು. ಅದು ಅವನಿಗೆ ಬಹಳ ಹಿಡಿಸಿತು. ಡಿಸೆಂಬರಿನಲ್ಲಿ ಕಪ್ಪು ರಿಮ್ಮು ಬಂದವು. ಲಗಮಣ್ಣ ಜಾಕ್ ಏರಿಸಿ ಮುಂದಿನ ಗಾಲಿ ಜೋಡಿಸಿ ಕೈಯಿಂದ ತಿರುಗಿಸಿದ. ಒಳಗೆ ಬ್ರೇಕಿಗೆ ತಾಗಿ ಕರ್ರೆಂದಿತು.

"ಒಂದು ಕೂದಲೆಳಿ ಸಣ್ಣ ಆತ್ರಿ," ಎಂದ ಲಗಮಣ್ಣ. ಮುರಿಗೆಪ್ಪನ ಮುಖ ನೋಡಿ ಅವನಿಗೆ ಅಚ್ಚರಿಯಾಯಿತು. ದುಃಖವಿರಬೇಕಾದ ಕಡೆ ಒಂದು ಬಗೆಯ ನಿರಾಳವಿತ್ತು. ಇನ್ನೂ ಆರಿಸುವುದು ಬಾಕಿ ಇದೆ ಎಂಬ ನಿರಾಳ.

ಜನವರಿಯ ಒಂದು ಸಂಜೆ ಭಾಗ್ಯಾ ಗಂಡನ ಮುಂದೆ ಬಂದು ನಿಂತಳು. ಅವನು ಫೋನಿನಲ್ಲಿ ರಿಮ್ಮುಗಳನ್ನು ನೋಡುತ್ತಿದ್ದ.

"ರೀ, ನಮ್ಮ ಅಕ್ಕನ ಬಳಗದವ್ರು ಮನಾಲಿಗೆ ಹೊಂಟಾರ. ಯಮನವ್ವಕ್ಕಾರ ಎಲ್ಲಾ ಠರಾಯಿಸ್ಯಾರ. ಹನ್ನೊಂದು ಮಂದಿ ಆಗ್ಯಾರ, ಒಂದು ಸೀಟು ಉಳದೈತಿ."

ಅಕ್ಕನ ಬಳಗ ಊರ ಹೆಂಗಸರ ಸಂಘ; ಅದರ ಮುಂದಾಳು ಯಮನವ್ವ ನಿವೃತ್ತ ಶಾಲಾ ಮಾಸ್ತರಿಣಿ. ಬಸವ ಜಯಂತಿಯ ಮೆರವಣಿಗೆಯಿಂದ ಹಿಡಿದು ಎಲ್ಲವನ್ನೂ ಸೀಟಿ ಊದಿದಂತೆ ನಡೆಸುವವಳು.

"ಯಾವುದ್ರಾಗ ಹೊಂಟಾರ?"

"ಘಟಪ್ರಭಾದಾಗ ದಿಲ್ಲಿ ಗಾಡಿ ಹತ್ತೂದು. ಅಲ್ಲಿಂದ ಬಸ್ಸು."

"ಬಸ್ಸಿಗೆ ಯಾವ ಟಾಯರ್ ಅದಾವಂತ?"

"ನಾ ಕೇಳಿಲ್ರಿ."

"ಕೇಳಬೇಕಿಲ್ಲೋ?"

ಭಾಗ್ಯಾ, "ನಾ ಹೋಗ್ಲ್ಯಾ?" ಎಂದಳು. ಕೇಳಿದ ದನಿಯಲ್ಲಿ ಹೋಗುವವಳ ಗಟ್ಟಿತನವಿತ್ತು.

ಮುರಿಗೆಪ್ಪ ಯೋಚಿಸಿದ. "ಹೋಗು. ರಸ್ತೆ ಹೆಂಗೈತಿ, ಚಡಾವು ಎಷ್ಟೈತಿ, ಎಲ್ಲಾ ನೋಡಿ ಬಾ. ಮುಂದಿನ ವರ್ಷ ನಾವು ನಮ್ಮ ಗಾಡ್ಯಾಗ ಹೋಗೂನು."

ಹೀಗೆ ಅವನ ಲೆಕ್ಕದಲ್ಲಿ ಭಾಗ್ಯಾ ರಸ್ತೆ ಪರೀಕ್ಷೆಗೆ ಹೋದಳು. ಫೆಬ್ರುವರಿಯ ಕೊನೆಯ ವಾರ ಅವನೇ ಸ್ಟೇಶನ್ನಿಗೆ ಬಿಟ್ಟುಬಂದ. ನೀಲಿ ಸ್ವೆಟರ್ ಅವಳ ಚೀಲದಲ್ಲಿತ್ತು. ಕಂದು ಬಣ್ಣದ್ದು ಟ್ರಂಕಿನಲ್ಲೇ ಉಳಿಯಿತು.

ಅವಳು ಹೋದ ಐದನೆಯ ದಿನ ಸರಿಯಾದ ರಿಮ್ಮು ಬಂದವು. ಗೋಕಾಕದಲ್ಲಿ ಆಗಲೇ ಬಿಸಿಲು ಮೂವತ್ತಾರು ದಾಟಿತ್ತು. ಲಗಮಣ್ಣ ಗಾಲಿ ತಿರುಗಿಸಿದ, ಎಲ್ಲಿಯೂ ತಾಗಲಿಲ್ಲ. ನಾಲ್ಕೂ ಗಾಲಿ ಜೋಡಿಸಿ ದೂರ ನಿಂತು ಇಬ್ಬರೂ ನೋಡಿದರು. ನಿಜಕ್ಕೂ ಚೆಂದವಿತ್ತು.

"ಇವನ್ನ ಬಿಚ್ಚಿ ಇಟ್ಟಬಿಡೂನ್ರಿ," ಎಂದ ಲಗಮಣ್ಣ. "ಈ ಬಿಸಲಾಗ ನಮ್ಮ ಡಾಂಬರಿನ ಮ್ಯಾಲ ಓಡಿಸಿದ್ರ ಸಾಲಿ ಬೋರ್ಡಿನ ಖಡು ಹಂಗ ಸವೀತಾವು. ಭಾಳ ಮೆತ್ತಗ ಅದಾವು."

"ಬ್ಯಾಡ. ಅಕಿ ಬಂದಾಗ ಇದ್ರಾಗ ಕರಕೊಂಡ ಬರತೇನಿ. ನೋಡ್ಲಿ."

ಆಗ ಫೋನು ಟಿಣ್ ಎಂದಿತು. ಭಾಗ್ಯಾ ಒಂದು ಫೋಟೋ ಕಳಿಸಿದ್ದಳು. ಬೆಳ್ಳಗಿನ ಇಳಿಜಾರಿನಲ್ಲಿ ಅವಳು ಕುಳಿತಿದ್ದಾಳೆ, ಹಿಂದೆ ಅರ್ಧ ಕಾಣುವ ಒಂದು ಸಣ್ಣ ಹಳೆಯ ಕಾರು. ಮುರಿಗೆಪ್ಪ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದ. ಹೆಂಡತಿ ಚೌಕಟ್ಟಿನಿಂದ ಆಚೆ ಸರಿದು ಹೋದಳು; ಕಾರಿನ ಹಿಂದಿನ ಗಾಲಿ ತೆರೆಯ ತುಂಬ ಬಂತು.

"ಲಗಮಣ್ಣಾ, ಇಲ್ಲಿ ನೋಡು. ಗಾಲಿಗೆ ಸರಪಳಿ ಸುತ್ಯಾರ. ಕೆಳಗ ಟಾಯರ್ ಯಾವುದೈತಿ ಕಾಣಸ್ತೈತೇನು?"

ಲಗಮಣ್ಣ ಕೈ ಒರೆಸಿಕೊಂಡು ಫೋನು ತೆಗೆದುಕೊಂಡ. ಬೆರಳಿಂದ ಚಿತ್ರವನ್ನು ಈಚೆ ಸರಿಸಿದ. ಬಹಳ ಹೊತ್ತು ನೋಡಿದ.

"ವೈನಿಯಾರು ನಗಾಕತ್ತಾರ ನೋಡ್ರಿ," ಎಂದ.

ಮುರಿಗೆಪ್ಪ ನೋಡಿದ. ಭಾಗ್ಯಾ ಬಾಯಿ ತೆರೆದು, ಕಣ್ಣು ಮುಚ್ಚಿ, ತಲೆ ಹಿಂದೆ ಚೆಲ್ಲಿ ನಗುತ್ತಿದ್ದಳು. ಸೆರಗು ಎಲ್ಲೋ, ಟೊಪ್ಪಿಗೆ ಎಲ್ಲೋ. ಮನೆಯಲ್ಲಿ ಅವಳು ನಗುತ್ತಿರಲಿಲ್ಲ ಎಂದಲ್ಲ. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಈ ನಗೆಯಲ್ಲಿ ಒಳಗಿನ ಒಂದು ಹಲ್ಲಿನ ಜಾಗ ಖಾಲಿ ಕಾಣುತ್ತಿತ್ತು; ಅದು ಯಾವಾಗ ಬಿದ್ದುಹೋಗಿತ್ತೋ ಅವನಿಗೆ ಗೊತ್ತಿರಲಿಲ್ಲ. ಫೋನನ್ನು ಕಿಸೆಗೆ ಹಾಕಿ, ಲಗಮಣ್ಣನಿಗೆ ಹೋಗುತ್ತೇನೆಂದೂ ಹೇಳದೆ ಗಾಡಿ ಹತ್ತಿದ.

ಭಾಗ್ಯಾ ಬಂದ ದಿನ ಘಟಪ್ರಭಾ ಸ್ಟೇಶನ್ನಿನಲ್ಲಿ ಹನ್ನೆರಡು ಹೆಂಗಸರು ಒಮ್ಮೆಲೇ ಮಾತಾಡುತ್ತ ಇಳಿದರು. ಎಲ್ಲರ ಮೂಗಿನ ತುದಿಯೂ ಬಿಸಿಲು, ಹಿಮಕ್ಕೆ ಸುಟ್ಟು ಸಿಪ್ಪೆ ಏಳುತ್ತಿತ್ತು. ಯಮನವ್ವ ತಲೆ ಎಣಿಸಿ, ಸಾಮಾನು ಎಣಿಸಿ, "ನಿಮ್ಮ ಮಾಲು ನಿಮಗ ಒಪ್ಪಿಸೇನಿ, ನೋಡ್ರಿ" ಎಂದು ಭಾಗ್ಯಾಳನ್ನು ಮುರಿಗೆಪ್ಪನತ್ತ ದಬ್ಬಿದಳು.

ಅವನು ಗಾಡಿಯ ಬಳಿ ನಿಂತು, ಬಾಯಿಬಿಟ್ಟು ಹೇಳದೆ, ಗಾಲಿಯನ್ನು ತೋರಿಸಿದ.

"ಬಂದೂ?" ಎಂದಳು ಭಾಗ್ಯಾ. ಬಗ್ಗಿ ನೋಡಿ, ಕಪ್ಪು ರಿಮ್ಮನ್ನು ಮುಟ್ಟಿದಳು. "ಛಲೋ ಅದಾವ್ರಿ. ಖರೇನ ಛಲೋ ಅದಾವು."

ಗಾಡಿ ಹೊರಟಿತು. ಹೊಸ ಟೈರುಗಳು ಬಿಸಿ ರಸ್ತೆಗೆ ಗುಂಯ್ ಎನ್ನುತ್ತಿದ್ದವು. ಅವನಿಗೆ ಕೇಳಬೇಕಾದದ್ದು ಬೇರೆಯಿತ್ತು, ಆದರೆ ಬಾಯಿಗೆ ರೂಢಿಯದೇ ಬಂತು.

"ಫೋಟೋದಾಗಿನ ಆ ಗಾಡಿಗೆ ಯಾವ ಟಾಯರ್ ಇದ್ದೂ?"

ಇದನ್ನು ಹೇಳಬಾರದೆಂದು ಭಾಗ್ಯಾ ರೈಲಿನಲ್ಲೇ ನಿಶ್ಚಯಿಸಿದ್ದಳು. ಆದರೆ ಅವನೇ ಕೇಳಿದ.

"ಬೋಳ ಆಗಿದ್ದೂರಿ. ಡ್ರೈವರ್ ಅಜ್ಜ ಸರಪಳಿ ಸುತ್ತಿದ, ಅಷ್ಟ. ಕೆಳಗ ನಾಕಾದಾಗ ಪೊಲೀಸರು ಹೊರಗಿನ ಗಾಡಿ ಒಂದೂ ಬಿಡಲಿಲ್ಲ. ಎಲ್ಲಾರೂ ಇಳದು ಅಲ್ಲಿಯವರ ಗಾಡಿ ಹತ್ತಬೇಕು. ನಮ್ಮಂಥಾದ್ದ ಒಂದು ಕರೀ ಗಾಡಿ ನಿಂತಿತ್ರಿ. ಅದರ ಸಾವಕಾರ ಟಾಯರ್ ತೋರ್ಸಿ ತೋರ್ಸಿ ಪೊಲೀಸರ ಕೂಡ ವಾದಾ ಹಾಕಾಕತ್ತಿದ್ದ."

"ಬಿಟ್ರೇನು?"

"ಇಲ್ಲ. ನಾವು ಇಳದು ಬಂದಾಗೂ ಅಲ್ಲೇ ನಿಂತಿದ್ದ, ಪಾಪ. ಅಂವನ ಹೆಂಡತಿ ಗಾಡ್ಯಾಗ ಕುಂತಿದ್ಲು."

ಅರಭಾವಿ ಕಾಲೇಜಿನ ಬಳಿ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರು ಗಾಡಿಯನ್ನು ತಿರುಗಿ ನೋಡಿದರು. ಅದೂ ಮುರಿಗೆಪ್ಪನ ಗಮನಕ್ಕೆ ಬರಲಿಲ್ಲ. ಆ ನಾಕಾದ ಕಪ್ಪು ಗಾಡಿಯಲ್ಲಿ ಕುಳಿತ ಹೆಂಗಸಿನ ಮುಖ ಹೇಗಿದ್ದಿರಬೇಕು ಎಂದು ಅವನು ಯೋಚಿಸುತ್ತಿದ್ದ. ಎಷ್ಟು ಯೋಚಿಸಿದರೂ ಅದು ಭಾಗ್ಯಾಳದೇ ಆಗುತ್ತಿತ್ತು; ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ಭಾಗ್ಯಾಳದು.

ಎರಡು ಮೈಲಿ ಹೋದ ಮೇಲೆ ಕೇಳಿದ: "ಭಾಗ್ಯಾ, ಬರ್ಫ ಹೆಂಗಿತ್ತ?"

ಅವಳು ತಿರುಗಿ ಅವನನ್ನೇ ನೋಡಿದಳು. ಚೇಷ್ಟೆಯೇನೋ ಎಂದು ಅನುಮಾನವಾಯಿತು. ಅಲ್ಲವೆಂದು ಖಾತ್ರಿಯಾದ ಮೇಲೆ ಕಾಲು ಮಡಚಿ ಸೀಟಿನ ಮೇಲೇರಿ ಕುಳಿತಳು.

"ಮೊದಲ ಬಾಯಾಗ ಹಾಕ್ಕೊಂಡ್ನಿರಿ. ಏನೂ ರುಚಿ ಇಲ್ಲ. ಇಷ್ಟ ದೂರ ಬಂದು ಏನೂ ರುಚಿ ಇಲ್ಲಲ್ಲ ಅಂತ ನಗು ಬಂತು. ನಗಾಕ ಹ್ವಾದ್ನಿ, ಕಾಲು ಜಾರಿ ಕುಂತ್ನಿ. ಎಬ್ಸಾಕ ಬಂದ ಯಮನವ್ವಕ್ಕಾರೂ ಕುಂತ್ರು. ಅವರನ್ನ ಎಬ್ಸಾಕ ಮತ್ತಿಬ್ಬರು ಬಂದ್ರು…"

ಗುರ್ಲಾಪುರ ಕ್ರಾಸ್ ಬಂತು. ಮನೆಗೆ ಹೋಗಲು ತಿರುಗಬೇಕು. ಮುರಿಗೆಪ್ಪ ಸ್ಟೀರಿಂಗ್ ತಿರುಗಿಸದೆ ನೇರ ನಡೆಸಿದ.

"ಅಯ್ಯ, ಊರು ಆ ಕಡೆ ಉಳೀತಲ್ರಿ!"

"ಉಳೀಲಿ. ಮತ್ತಿಬ್ಬರು ಬಂದ್ರು, ಮುಂದ?"