ಇಪ್ಪತ್ತಮೂರು ಕೋಲು

ಕಳೆದ ನವೆಂಬರಿನ ಆ ಸಂಜೆ ಉತ್ತರದ ಬೆಳಕು ಆಕಾಶದಿಂದ ಜಾರಿ ನೇರವಾಗಿ ನನ್ನ ಸಾರಿನ ಪಾತ್ರೆಯೊಳಗೆ ಬಿತ್ತು. ನಾನು ಸೌಟು ಹಾಕಿ ಮೂರು ಸುತ್ತು ತಿರುವಿ ಹದಿನಾಲ್ಕು ಜನರಿಗೆ ಬಡಿಸಿದೆ. ಬಣ್ಣ ಹಸಿರು, ಉಪ್ಪು ಸ್ವಲ್ಪ ಕಡಿಮೆ. ಹ್ಯಾಂಬರ್ಗಿನ ಹಲ್ಲಿನ ಡಾಕ್ಟರೊಬ್ಬರು ಎರಡನೇ ಸಲ ಹಾಕಿಸಿಕೊಂಡರು. ಊರು ಮುಟ್ಟಿದ ಮೇಲೆ ಕತ್ತಲೆಯಲ್ಲಿ ಅವರ ಹಲ್ಲು ಮಿನುಗುತ್ತಿವೆಯಂತೆ, ಕಾಗದ ಬರೆದಿದ್ದಾರೆ. ನಂಬದವರು ಬಂದು ಪಾತ್ರೆಯ ತಳ ನೋಡಿಕೊಂಡು ಹೋಗಬಹುದು, ಹಸಿರು ಇನ್ನೂ ಅಂಟಿಕೊಂಡಿದೆ. ನಮ್ಮೂರಿನವರು ಅದು ತಾಮ್ರದ ಕಿಲುಬು ಎನ್ನುತ್ತಾರೆ. ಅವರಿಗೆ ನನ್ನನ್ನು ಕಂಡರೆ ಹೊಟ್ಟೆಕಿಚ್ಚು.

ಯೋವ್ನಾ ಎಂದರೆ ಟ್ರೋಮ್ಸೊದಿಂದ ಟೋಕಿಯೋವರೆಗೆ ಗೊತ್ತು. ಚಳಿಗಾಲದ ಸಂಜೆ ಬಸ್ಸಿನಲ್ಲಿ ಬರುವ ಪ್ರವಾಸಿಗರನ್ನು ನದಿದಂಡೆಯ ನನ್ನ ಲಾವ್ವು ಡೇರೆಯೊಳಗೆ, ಬೆಂಕಿಯ ಸುತ್ತ, ಹಿಮಸಾರಂಗದ ಚರ್ಮದ ಮೇಲೆ ಕೂರಿಸಿ, ಮಾಂಸ ಆಲೂಗಡ್ಡೆಯ ಬಿದೋಸ್ ಸಾರು ಕೊಟ್ಟು, ಆಕಾಶದಲ್ಲಿ ಆ ಹಸಿರು ಬೆಳಕು ಮೂಡುವವರೆಗೆ ಕಥೆ ಹೇಳುವುದು ನನ್ನ ಕಸುಬು. ಬೆಳಕು ಬೇಗ ಬಂದರೆ ಹತ್ತು ನಿಮಿಷದ ಕಥೆ ಸಾಕು. ಬಾರದಿದ್ದರೆ ಎರಡು ಗಂಟೆ ಎಳೆಯಬೇಕು. ಆಕಾಶ ಖಾಲಿಯಾದಷ್ಟೂ ನನ್ನ ಬಾಯಿ ತುಂಬಿರಬೇಕು.

ಆ ಸಂಜೆ ಬಸ್ಸಿನಿಂದ ಹದಿಮೂರು ಜನ ಇಳಿದರು. ಹದಿನಾಲ್ಕನೆಯವಳು ಆಚೆ ದಡದಿಂದ ಸೇತುವೆ ಸುತ್ತಿಕೊಂಡು ನಡೆದು ಬಂದಳು. ಡೇರೆಯ ಬಾಗಿಲಲ್ಲಿ ನಿಂತು, ಕೈಗವಸಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದಳು. ಹಾಗೆ ತೆಗೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ, ನನ್ನ ಅಣ್ಣ ಮಾಹ್ತೆ. ಅವನು ತೀರಿಹೋಗಿ ಹದಿನಾರು ವರ್ಷವಾಗಿತ್ತು. ಅವನ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ಟ್ರೋಮ್ಸೊ ಪಟ್ಟಣ ಸೇರಿದ್ದಳು. ಆ ಮಗಳೇ ಈಗ ನನ್ನ ಮುಂದೆ ಟಿಕೆಟ್ ಚಾಚಿ ನಿಂತಿದ್ದಳು.

"ರಿಸ್ತೆನ್, ಅಪ್ಪನ ತಮ್ಮನ ಬೆಂಕಿ ಮುಂದೆ ಕೂರೋಕೆ ಟಿಕೆಟ್ ತಗೊಂಡ್ಯಾ?" ಎಂದೆ.

"ಎರಡು ದಿನದಿಂದ ಫೋನ್ ಮಾಡ್ತಿದೀನಿ, ಎತ್ತಲ್ಲ. ಮನೆಗೆ ಬಂದ್ರೆ ಹಿಂದಿನ ಬಾಗಿಲಿಂದ ಹೋಗ್ಬಿಡ್ತಿದ್ದೆ ನೀನು."

"ಲಾವ್ವುಗೆ ಹಿಂದಿನ ಬಾಗಿಲು ಇರಲ್ಲ ಕಣೇ."

"ಗೊತ್ತು ಚಿಕ್ಕಪ್ಪ. ಅದಕ್ಕೇ ಇಲ್ಲಿಗೆ ಬಂದೆ."

ನಾವು ನಮ್ಮ ಸಾಮಿ ಜನರ ಮಾತಿನಲ್ಲಿ ಆಡಿಕೊಳ್ಳುವುದನ್ನು ಪ್ರವಾಸಿಗರು ಹಾಡು ಕೇಳಿದಂತೆ ಕೇಳಿದರು. ಒಬ್ಬಾಕೆ ಫೋಟೊ ತೆಗೆದಳು.

ನಾನು ಮಾಂಸ ಹೆಚ್ಚುತ್ತಿದ್ದಾಗ ರಿಸ್ತೆನ್ ಪಕ್ಕದಲ್ಲಿ ಕೂತು ಬಂದ ವಿಷಯ ಹೇಳಿದಳು. ಪಟ್ಟಣದ ಬಾಳು ಅವಳಿಗೆ ಸಾಕಾಗಿತ್ತು. ಹಿಮಸಾರಂಗದ ಕಿವಿ ಕತ್ತರಿಸಿ ಒಡೆತನ ತೋರಿಸುವ ಅಪ್ಪನ ಕಿವಿಗುರುತು ಅವಳ ಹೆಸರಿಗಿತ್ತು, ಆ ಗುರುತಿನ ನಲವತ್ತು ಹಿಮಸಾರಂಗಗಳು ಇನ್ನೂ ಏಳು ಮನೆಯವರು ಒಟ್ಟಾಗಿ ಕಾಯುವ ಕೂಟದ ಹಿಂಡಿನಲ್ಲಿದ್ದವು. ಕೂಟಕ್ಕೆ ಸೇರಿಸಿಕೊಳ್ಳಿ, ಎಲ್ಲರಂತೆ ನಾನೂ ಹಿಂಡು ಕಾಯುತ್ತೇನೆ ಎಂದು ಕೂಟದ ಹಿರಿಯ ಆಂದೆಯನ್ನು ಕೇಳಿದ್ದಳು. ಕೂಟ ಮರುದಿನ ಬೆಳಿಗ್ಗೆ ಆಚೆ ದಡದ ಆಂದೆಯ ಮನೆಯಲ್ಲಿ ಸೇರುವುದಿತ್ತು.

"ಆಂದೆ ಅಜ್ಜ ಊಟ ಹಾಕಿದ್ರು, ಹಾಸಿಗೆ ಕೊಟ್ರು. ಸೇರಿಸ್ಕೊಳ್ಳೋ ಮಾತಿಗೆ ಮಾತ್ರ ತಲೆ ಅಲ್ಲಾಡಿಸಿದ್ರು. ಕೋಲು ಇಲ್ಲದ ಮಂಜುಗಡ್ಡೆ ಮೇಲೆ ಹಿಂಡು ಇಳಿಸ್ದೋನ ಮಗಳು ನೀನು, ನಿನ್ನ ಕೈಗೆ ಹೇಗಮ್ಮಾ ಕೊಡೋದು ಅಂದ್ರು."

ಮಾಂಸ ಹೆಚ್ಚುವುದನ್ನು ನಾನು ನಿಲ್ಲಿಸಲಿಲ್ಲ.

ನವೆಂಬರಿನಲ್ಲಿ ನದಿ ಕಟ್ಟಿಕೊಳ್ಳುವಾಗ ಮೊದಲು ದಾಟುವವನು ಕಬ್ಬಿಣದ ಹಾರೆಯಿಂದ ಹೆಜ್ಜೆ ಹೆಜ್ಜೆಗೂ ಕುಟ್ಟಿ ನೋಡುತ್ತಾನೆ. ಗಟ್ಟಿಯಿದ್ದ ಕಡೆ ಒಂದು ಬರ್ಚ್ ಮರದ ಕೋಲು ನೆಡುತ್ತಾನೆ. ಹಿಂದೆ ಬರುವವರು ಕೋಲಿನ ಸಾಲು ಕಂಡರೆ ಕುಟ್ಟುವುದಿಲ್ಲ, ಕೇಳುವುದಿಲ್ಲ, ಹಿಂಡನ್ನು ಇಳಿಸಿಬಿಡುತ್ತಾರೆ. ಕೋಲು ನೆಡುವುದೆಂದರೆ ನಮ್ಮಲ್ಲಿ ಆಣೆ ಇಟ್ಟ ಹಾಗೆ. ಕೋಲಿಲ್ಲದ ಕಡೆ ಹಿಂಡು ಇಳಿಸಿದವನ ಹೆಸರನ್ನು ಯಾರೂ ಮಕ್ಕಳಿಗೆ ಇಡುವುದಿಲ್ಲ. ಮಾಹ್ತೆಯ ಜೊತೆಗೆ ಕೂಟದ ಮೂವತ್ತೆರಡು ಹಿಮಸಾರಂಗಗಳು ಮುಳುಗಿದ್ದವು.

"ನೀನು ಅವತ್ತು ಅಲ್ಲೇ ಇದ್ಯಲ್ಲ," ಎಂದಳು. "ನಾಳೆ ಬಂದು ಅಪ್ಪನ ಪರ ಒಂದು ಮಾತು ಹೇಳು. ಅವನು ಅಂಥ ಅಜಾಗರೂಕ ಅಲ್ಲ ಅಂತ. ಅಷ್ಟು ಸಾಕು."

"ಒಂದು ಮಾತಾ? ನೂರು ಹೇಳ್ತೀನಿ. ಆಂದೆ ಮುದುಕ ಅತ್ಕೊಂಡು ನಿನ್ನ ಕಾಲಿಗೆ ಬೀಳ್ಬೇಕು, ಹಾಗೆ ಹೇಳ್ತೀನಿ."

"ಯಾರೂ ಬೀಳೋದು ಬೇಡ. ನೀನು ಬಾ, ಸಾಕು."

ಸಾರು ಕುದಿಯಿತು. ಹಲ್ಲಿನ ಡಾಕ್ಟರು ಡೇರೆಯ ಬಾಗಿಲು ಸರಿಸಿ ಹೊರಗೆ ಇಣುಕಿದರು.

"ಬರೀ ಮೋಡ ಕಾಣ್ತಿದೆಯಲ್ಲ."

"ಮೋಡದ ಹಿಂದೆ ಬಟ್ಟೆ ಬದಲಾಯಿಸ್ತಾ ಇದೆ ಡಾಕ್ಟ್ರೇ. ಹಾಗೆಲ್ಲ ಇಣುಕಬಾರದು."

ಎಲ್ಲರೂ ನಕ್ಕರು. ನಾನು ನನ್ನ ದೊಡ್ಡ ಕಥೆಗೆ ಕೈ ಹಾಕಿದೆ. ಒಂಬತ್ತು ಚಳಿಗಾಲದಿಂದ ಹೇಳುತ್ತ ಬಂದ ಕಥೆ ಅದು. ಬೆಳಕನ್ನು ನೋಡಿ ಸಿಳ್ಳೆ ಹೊಡೆಯಬಾರದು, ಹೊಡೆದರೆ ಇಳಿದು ಬಂದು ಎತ್ತಿಕೊಂಡು ಹೋಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳುತ್ತಾರೆ. ನನ್ನ ಅಣ್ಣ ನಡುನದಿಯಲ್ಲಿ, ನಡುರಾತ್ರಿಯಲ್ಲಿ ಸಿಳ್ಳೆ ಹೊಡೆದ. ಬೆಳಕು ಹಸಿರು ಹಗ್ಗದ ಕುಣಿಕೆಯಂತೆ ಇಳಿದು ಅವನನ್ನು ಹಿಮದ ಸ್ಕೂಟರಿನ ಸಮೇತ ಎತ್ತಿಕೊಂಡು ಹೋಯಿತು. ಕಥೆ ಇಲ್ಲಿಗೆ ಬಂದಾಗ ಹೆಂಗಸರು ಗಂಡಂದಿರ ತೋಳು ಹಿಡಿಯುತ್ತಾರೆ. ಆಗ ನಾನು ಕಾಫಿ ಬೇಕೇ ಎನ್ನುತ್ತೇನೆ.

ಆದರೆ ಆ ಸಂಜೆ ಅವನ ಮಗಳು ಎದುರಿಗೆ ಕೂತಿದ್ದಳು. ಅವಳ ತಟ್ಟೆಯಲ್ಲಿ ಸಾರು ಆರುತ್ತಿತ್ತು. ಅವಳಿಗೆ ಒಬ್ಬ ಒಳ್ಳೆಯ ಅಪ್ಪನನ್ನು ಕೊಡಬೇಕು ಎನಿಸಿತು. ಸಿಳ್ಳೆ ಹೊಡೆಯುವ ಹುಡುಗಾಟದವನಲ್ಲ, ಲೋಕದ ಎಲ್ಲರಿಗಿಂತ ಎಚ್ಚರದವನು. ಹಾಗಾಗಿ ಒಂಬತ್ತು ವರ್ಷದಲ್ಲಿ ಎಂದೂ ಹೇಳದ ಒಂದು ಸಂಗತಿಯನ್ನು ಸೇರಿಸಿದೆ.

"ನನ್ನ ಅಣ್ಣ ಸಾವಿರ ಹಿಮಸಾರಂಗದ ಒಡೆಯ," ಎಂದೆ. "ಮೂರು ದೇಶದಲ್ಲಿ ಅಂಥ ಎಚ್ಚರದವನು ಇರಲಿಲ್ಲ. ಸಾಲಾಗಿ ಕೋಲು ನೆಟ್ಟಿತ್ತು, ಈ ದಡದಿಂದ ಆ ದಡಕ್ಕೆ, ಇಪ್ಪತ್ಮೂರು ಕೋಲು. ಒಂದರ ಪಕ್ಕದಿಂದಲೂ ಗೇಣು ಆಚೆ ಈಚೆ ಹೋಗ್ಲಿಲ್ಲ ಅವನು. ಆದ್ರೂ ಬೆಳಕು ಬಿಡ್ಲಿಲ್ಲ."

"ಅಂದ್ರೆ ಮಂಜುಗಡ್ಡೆ ಗಟ್ಟಿ ಇತ್ತು?" ಎಂದರು ಡಾಕ್ಟರು. ಹಲ್ಲು ನೋಡಿ ನೋಡಿ ಅವರಿಗೆ ತೂತು ಹುಡುಕುವುದು ಅಭ್ಯಾಸ.

"ಅದರ ಮೇಲೆ ಇಗರ್ಜಿ ಕಟ್ಟಬಹುದಿತ್ತು, ಡಾಕ್ಟ್ರೇ. ಗಂಟೆ ಸಮೇತ."

ಮತ್ತೆ ನಗು. ನಾನು ಕಾಫಿ ಬಗ್ಗಿಸಿದೆ, ನಮ್ಮ ರೂಢಿಯಂತೆ ಅದರೊಳಗೆ ಗಿಣ್ಣಿನ ತುಂಡು ಹಾಕಿಕೊಟ್ಟೆ. ರಿಸ್ತೆನ್ ಮಾತ್ರ ಲೋಟ ತೆಗೆದುಕೊಳ್ಳಲಿಲ್ಲ.

ಜನ ಬಸ್ಸಿನ ಕಡೆ ಹೋದರು. ಅವಳು ಕೂತೇ ಇದ್ದಳು. ಬೆಂಕಿಯ ಆಚೆ ಬದಿಯಿಂದ ಕೇಳಿದಳು.

"ಯಾವ ಕೋಲು, ಚಿಕ್ಕಪ್ಪ?"

"ಅಯ್ಯೋ, ಕಥೆ ಕಣೇ. ಟಿಕೆಟ್ ತಗೊಂಡೋರಿಗೆ ನಾಲ್ಕು ಕೋಲು ಜಾಸ್ತಿ ನೆಡಬೇಕಾಗತ್ತೆ."

"ನಾಲ್ಕಲ್ಲ. ಇಪ್ಪತ್ಮೂರು."

"ಬಾಯಿಗೆ ಬಂತು."

"ನಿನ್ನ ಬಾಯಿಗೆ ಅಂಥ ಲೆಕ್ಕ ಬರಲ್ಲ." ಅವಳ ದನಿ ಏರಲಿಲ್ಲ. "ನಾನು ಸಣ್ಣೋಳಿದ್ದಾಗಿಂದ ಕೇಳಿದೀನಿ. ಮೀನು ಹಿಡಿದ್ರೆ ನೂರು, ತೋಳ ಕಂಡ್ರೆ ಐವತ್ತು. ಇವತ್ತೂ ಅಪ್ಪಂಗೆ ಸಾವಿರ ಹಿಮಸಾರಂಗ ಕೊಟ್ಟೆ. ಕೋಲು ಮಾತ್ರ ಇಪ್ಪತ್ಮೂರು. ಯಾಕೆ?"

ನನಗೆ ಲೋಕದಲ್ಲಿ ಯಾವ ಪ್ರಶ್ನೆಗೂ ಮೂರು ಉತ್ತರ ಗೊತ್ತು. ಬೆಂಕಿಗೆ ಒಂದು ಕೊರಡು ಹಾಕಲು ಹೋಗಿ, ಅದನ್ನು ಕೈಯಲ್ಲೇ ಹಿಡಿದು ಕೂತೆ.

"ಕಡಿದು ತಂದಿದ್ದು ಅಷ್ಟೇ," ಎಂದೆ. "ನಾನೇ ಕಡಿದಿದ್ದೆ."

ಹೇಳಿದೆ. ನಡುರಾತ್ರಿಯಲ್ಲ, ಮಧ್ಯಾಹ್ನ ಎರಡು ಗಂಟೆ. ಬೆಳಕೂ ಇರಲಿಲ್ಲ, ಸಿಳ್ಳೆಯೂ ಇರಲಿಲ್ಲ. ಅಣ್ಣ ಈ ದಡದಲ್ಲಿ ಹಿಂಡು ಹಿಡಿದು ನಿಂತಿದ್ದ, ಹಾರೆ ನನ್ನ ಕೈಯಲ್ಲಿತ್ತು. ಹನ್ನೆರಡು ಕೋಲಿನವರೆಗೆ ಕುಟ್ಟಿ ಕುಟ್ಟಿ ನೆಟ್ಟೆ. ಬೆರಳು ಮರಗಟ್ಟಿತ್ತು, ಸದ್ದು ಗಟ್ಟಿಯಾಗಿಯೇ ಕೇಳುತ್ತಿತ್ತು. ಉಳಿದ ಹನ್ನೊಂದನ್ನು ಹಾರೆ ಹೆಗಲ ಮೇಲಿಟ್ಟುಕೊಂಡು ನಡೆಯುತ್ತಲೇ ಹಿಮಕ್ಕೆ ಚುಚ್ಚಿದೆ. ನನ್ನೊಬ್ಬನ ಭಾರವನ್ನು ಅದು ತಡೆಯಿತು. ಆಚೆ ದಡ ಮುಟ್ಟಿ, ಇಗರ್ಜಿ ಕಟ್ಟಬಹುದು ಬಾ ಎಂದು ಕೂಗಿದೆ. ಅವನು ಸ್ಕೂಟರು ಇಳಿಸಿದ, ಹಿಂಡು ಹಿಂದೆ ಬಂತು. ಆಚೆ ದಡದ ಹತ್ತಿರ ತಳದಲ್ಲಿ ಸೆಳವಿತ್ತು, ಮಂಜುಗಡ್ಡೆ ತೆಳುವಾಗಿತ್ತು.

"ನೀನು ಹೊಟ್ಟೆ ಮೇಲೆ ತೆವಳ್ಕೊಂಡು ಅಪ್ಪನ ಹತ್ರ ಹೋದ್ಯಂತೆ," ಎಂದಳು ರಿಸ್ತೆನ್. "ಅಮ್ಮ ಅದನ್ನ ಇವತ್ತಿಗೂ ಹೇಳ್ತಾಳೆ."

"ಹೋದೆ. ನೀರು ಅಷ್ಟರಲ್ಲಿ ಸುಮ್ಮನಾಗಿತ್ತು. ಅವನ ಕೈಗವಸು ಒಂದು ತೇಲ್ತಿತ್ತು." ನನ್ನ ಕೈಯಲ್ಲಿದ್ದ ಕೊರಡನ್ನು ಕೆಳಗಿಟ್ಟೆ. "ಆಮೇಲೆ ತೆವಳಿದ್ದು ಕೋಲು ಕೀಳೋಕೆ. ಎರಡನ್ನ ನದಿನೇ ತಗೊಂಡಿತ್ತು. ಇಪ್ಪತ್ತೊಂದನ್ನ ನಾನು ಕಿತ್ತೆ. ಕೋಲು ನಿಂತಿದ್ರೆ ನೆಟ್ಟೋನು ಯಾರು ಅಂತ ಕೇಳ್ತಾರಲ್ಲ. ಹುಡುಕೋಕೆ ಬಂದೋರಿಗೆ ಅದೇ ಕೋಲು ಉರಿಸಿ ಕಾಫಿ ಕಾಯಿಸಿಕೊಟ್ಟೆ. ಆಂದೆ ನನ್ನ ಬೆನ್ನು ತಟ್ಟಿ ಎರಡು ಲೋಟ ಕುಡಿದ."

ಅವಳು ಅಳುತ್ತಾಳೆ, ಇಲ್ಲ ಹೊಡೆಯುತ್ತಾಳೆ ಎಂದುಕೊಂಡಿದ್ದೆ. ತಣ್ಣಗಾದ ಸಾರನ್ನು ಮತ್ತೆ ಪಾತ್ರೆಗೆ ಸುರಿದು, ತಟ್ಟೆಯನ್ನು ಹಿಮದಲ್ಲಿ ಉಜ್ಜಿ ತೊಳೆದು ಮಗುಚಿಟ್ಟಳು.

"ನಾಳೆ ಇದನ್ನೇ ಹೇಳ್ತೀಯಾ?"

"ಹೇಳ್ತೀನಿ."

"ಒಂದೂ ಸೇರಿಸ್ದೆ?"

"ಒಂದೂ ಸೇರಿಸ್ದೆ."

ಮೂಲೆಗೆ ಒರಗಿಸಿದ್ದ ಹಾರೆಯನ್ನು ಎತ್ತಿಕೊಂಡಳು. ಸೌದೆಯಿಂದ ನೆಟ್ಟಗಿದ್ದ ಬರ್ಚ್ ಕೋಲುಗಳನ್ನು ಆರಿಸಿ ಕಂಕುಳಲ್ಲಿ ಸೇರಿಸಿಕೊಂಡಳು. ಸೇತುವೆಯ ದಾರಿ ಹಿಡಿಯಲಿಲ್ಲ, ನೇರವಾಗಿ ನದಿಗೆ ಇಳಿದಳು. ನಾನು ಡೇರೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಮೂರು ಏಟು, ಒಂದು ಹೆಜ್ಜೆ. ಮೂರು ಏಟು, ಒಂದು ಹೆಜ್ಜೆ. ನಡುವೆ ಒಂದು ಕಡೆ ಸದ್ದು ಬಹಳ ಹೊತ್ತು ನಿಂತಿತು, ಆಮೇಲೆ ಎಡಕ್ಕೆ ಸರಿದು ಮತ್ತೆ ಶುರುವಾಯಿತು. ಆಚೆ ದಡದ ನಾಯಿ ಬೊಗಳುವವರೆಗೂ ನಾನು ಒಳಗೆ ಹೋಗಲಿಲ್ಲ.

ಬೆಳಿಗ್ಗೆ ಅವಳ ಕೋಲುಗಳ ಪಕ್ಕದಲ್ಲೇ ನಡೆದು ಆಂದೆಯ ಮನೆ ಸೇರಿದೆ. ಕೂಟದ ಏಳು ಮನೆಯವರೂ ಕೂತಿದ್ದರು. ನಿಂತುಕೊಂಡು ಹೇಳಿದೆ. ಹನ್ನೆರಡು ಎಂದೆ, ಹನ್ನೊಂದು ಎಂದೆ, ಇಪ್ಪತ್ತೊಂದು ಎಂದೆ. ಜೀವಮಾನದಲ್ಲಿ ಅಷ್ಟು ಚಿಕ್ಕ ಕಥೆ ಹೇಳಿರಲಿಲ್ಲ. ಮುಗಿಸಿದಾಗ ಮೊದಲು ಯಾರೋ ಮೂಗಿನಲ್ಲಿ ನಕ್ಕರು. ಆಮೇಲೆ ಬೆಂಚಿನುದ್ದಕ್ಕೂ ನಗು ಹರಿಯಿತು. ಕೆಟ್ಟ ನಗುವಲ್ಲ, ಪ್ರೀತಿಯದೇ.

ಆಂದೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. ಅವನ ಕಣ್ಣು ತೇವವಾಗಿತ್ತು.

"ಯೋವ್ನಾ, ನೀನು ಸುಳ್ಳುಗಾರ ಅಂತ ಊರಿಗೇ ಗೊತ್ತು. ಆದ್ರೆ ಅಣ್ಣನ ಮಗಳಿಗೋಸ್ಕರ ಅಣ್ಣನ ಸಾವನ್ನೇ ನಿನ್ನ ತಲೆ ಮೇಲೆ ಹಾಕ್ಕೊಳ್ಳೋಷ್ಟು ಒಳ್ಳೆ ಮನಸ್ಸು ಅಂತ ಗೊತ್ತಿರ್ಲಿಲ್ಲ ಕಣೋ. ಕೂತ್ಕೋ, ಕಾಫಿ ಕುಡಿ."

"ಇದು ನಿಜ ಅಜ್ಜ," ಎಂದೆ.

"ಹೌದೌದು. ಬೆಳಕು ಇಳಿದು ಬಂದಿದ್ದೂ ನಿಜ," ಎಂದ ಮೂಲೆಯಲ್ಲಿದ್ದವನೊಬ್ಬ.

ರಿಸ್ತೆನ್ ಕಿಟಕಿಯ ಪಕ್ಕ ನಿಂತಿದ್ದಳು. ನನ್ನ ಕಡೆ ತಿರುಗಲೂ ಇಲ್ಲ. ಕೂಟ ಅವಳನ್ನು ಸೇರಿಸಿಕೊಳ್ಳಲಿಲ್ಲ, ಮಧ್ಯಾಹ್ನದ ಬಸ್ಸಿಗೆ ಹೊರಟಳು. ಚೀಲ ಎತ್ತಿಕೊಡಲು ಹೋದೆ.

"ನಿನ್ನ ಮಾತು ನಂಬೋಳು ಇಡೀ ಊರಲ್ಲಿ ನಾನೊಬ್ಳೇ ಆದ್ನಲ್ಲ, ಚಿಕ್ಕಪ್ಪ," ಎಂದು, ಚೀಲವನ್ನು ನನ್ನ ಕೈಯಿಂದ ಬಿಡಿಸಿಕೊಂಡಳು.

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಆ ಸಂಜೆ ಬೆಳಕು ಬರಲಿಲ್ಲ. ಆಕಾಶ ಮುಚ್ಚಿಕೊಂಡೇ ಇತ್ತು, ಯಾರೂ ಏನನ್ನೂ ನೋಡಲಿಲ್ಲ. ಡಾಕ್ಟರು ಕಾಗದ ಬರೆದದ್ದು ನಿಜ: ಬೆಳಕು ಕಾಣಲಿಲ್ಲ, ಸಾರು ಚೆನ್ನಾಗಿತ್ತು, ಅಣ್ಣನ ವಿಷಯಕ್ಕೆ ಸಂತಾಪಗಳು ಎಂದು. ಪಾತ್ರೆಯ ತಳದಲ್ಲಿರುವುದು ಕಿಲುಬು.

ಅವಳ ಬಸ್ಸು ಹೋದ ಮೂರನೇ ದಿನ ಆಂದೆಯ ಕೂಟ ಹಿಂಡನ್ನು ಚಳಿಗಾಲದ ಮೇವಿಗೆ ಹೊಡೆಯಿತು. ನಾನು ದಂಡೆಯಲ್ಲಿ ಸೌದೆ ಒಡೆಯುತ್ತಿದ್ದೆ. ಆಚೆ ದಡದಲ್ಲಿ ಕೋಲಿನ ಸಾಲು ಕಂಡವರು ನಿಲ್ಲಲಿಲ್ಲ, ಕುಟ್ಟಲಿಲ್ಲ, ಯಾರು ನೆಟ್ಟದ್ದೆಂದು ಕೇಳಲಿಲ್ಲ. ನಡುವೆ ಒಂದು ಕಡೆ ಸಾಲು ಎಡಕ್ಕೆ ಬಾಗಿತ್ತು. ಮುಂದಾಳು ಹಿಮಸಾರಂಗ ಅಲ್ಲಿ ಎಡಕ್ಕೆ ಬಾಗಿತು, ಅದರ ಹಿಂದೆ ಆರುನೂರು ಬಾಗಿದವು. ಗೊರಸುಗಳ ಟಿಕ್‌ಟಿಕ್ ಸದ್ದು ಕೋಲುಗಳ ಪಕ್ಕದಲ್ಲೇ ಹರಿದು, ನನ್ನ ಡೇರೆ ದಾಟಿ, ಬರ್ಚ್ ಕಾಡಿನೊಳಗೆ ಹೋಯಿತು.