ಚಿನಕುರುಳಿಯ ಅಕ್ಕ

ಚಿನಕುರುಳಿ ಸತ್ತು ವರ್ಷ ತುಂಬುವ ಹೊತ್ತಿಗೆ ಊರು ಎರಡು ಪಾಲಾಗಿತ್ತು. ಅವನಂಥ ರ‍್ಯಾಪ್ ಹಾಡುಗಾರ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎನ್ನುವವರು ಒಂದು ಪಾಲು. ಅದು ಹಾಡೇ ಅಲ್ಲ, ತಾಳ ಹಾಕಿಕೊಂಡು ಜಗಳವಾಡುವುದು ಎನ್ನುವವರು ಇನ್ನೊಂದು ಪಾಲು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಇದೇ ಮಾತು. ಅವನ ಅಕ್ಕ ಕೆಲಸಕ್ಕಿದ್ದ, ಕಟ್ಟಿಸಿದ ಹಲ್ಲು ತಯಾರಿಸುವ ಲ್ಯಾಬಿನಲ್ಲೂ ಇದೇ ಮಾತು.

ಅಕ್ಕನದು ಮೇಣದ ಮೇಜು. ಯಾರದೋ ಬಾಯಿಯ ಅಚ್ಚು ಗಾರೆಯಲ್ಲಿ ಇಳಿದು ಬಂದರೆ ಅದರ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಒಂದೊಂದೇ ಹಲ್ಲು ನಿಲ್ಲಿಸುವುದು ಅವಳ ಕೆಲಸ. ಪಕ್ಕದ ಮೇಜಿನಲ್ಲಿ ಪಾಲಿಶ್ ಹಿಡಿಯುವ ಹೆಂಗಸು ಒಮ್ಮೆ, "ನಿಮ್ಮ ತಮ್ಮನ ಬಾಯಿಗೆ ಮಾತ್ರ ನಾವು ಹಲ್ಲು ಕಟ್ಟೋಕಾಗ್ತಿರಲಿಲ್ಲ ನೋಡಿ. ಅಚ್ಚು ತೆಗೆಯೋವಷ್ಟು ಹೊತ್ತಾದರೂ ಸುಮ್ಮನಿರಬೇಕಲ್ಲ," ಎಂದಾಗ ಅವಳೂ ನಕ್ಕಿದ್ದಳು. ಚಿನಕುರುಳಿ ಎಂಬ ಅಡ್ಡಹೆಸರು ಇಟ್ಟವಳು ಅವಳೇ. ತಾಯಿಯಿಲ್ಲದ ಮನೆಯಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಹೊತ್ತುಕೊಂಡಾಗಲೂ ಅವನ ಬಾಯಿಗೆ ಬಿಡುವಿರಲಿಲ್ಲ. ಕಿವಿಯ ಹತ್ತಿರ ಚಟಪಟ ಚಟಪಟ. ಮುಂದೆ ಅದೇ ಹೆಸರು ಗೋಡೆ ಗೋಡೆಯ ಮೇಲೆ ಬಂತು. ಒಂದು ಬೆಳಗ್ಗೆ ಅವನ ಬೈಕು ಜಾರಿತು. ಹೆಸರು ಗೋಡೆಯ ಮೇಲೆಯೇ ಉಳಿಯಿತು.

ಅವನ ಹಾಡುಗಳಲ್ಲೆಲ್ಲ ದೊಡ್ಡ ಹೆಸರು ಪಡೆದದ್ದು 'ತಾರಸಿ'. ಅದನ್ನು ಅಕ್ಕ ಪೂರ್ತಿ ಕೇಳಿದವಳೇ ಅಲ್ಲ.

ಅದಕ್ಕೆ ಕಾರಣವಿತ್ತು. ಮಗಳು ಇನ್ನೂ ಮೊಲೆಹಾಲು ಕುಡಿಯುವ ಕೂಸಾಗಿದ್ದಾಗ ಅಕ್ಕನಿಗೆ ಏನೋ ಆಗಿತ್ತು. ನಿದ್ದೆಯಿಲ್ಲ, ಊಟ ರುಚಿಸದು, ಹಗಲೂ ಕತ್ತಲೆಯಂತೆ ಕಾಣುವುದು. ಬಾಣಂತಿತನದಲ್ಲಿ ಹೀಗೂ ಆಗುತ್ತದೆ, ಅದಕ್ಕೆ ಮದ್ದಿದೆ ಎಂದು ಹೇಳುವವರು ಆಗ ಯಾರೂ ಇರಲಿಲ್ಲ. ಒಂದು ಮಧ್ಯಾಹ್ನ ಅವಳು ಕೂಸನ್ನು ಮಲಗಿಸಿ ತಾರಸಿ ಹತ್ತಿದಳು, ಇಳಿದು ಬರುವ ಮನಸ್ಸಿಲ್ಲದೆ. ಆದರೆ ಇಳಿದು ಬಂದಳು. ಬರಬರುತ್ತಾ ಹುಷಾರಾದಳು. ಆ ಮಧ್ಯಾಹ್ನದ ಮಾತನ್ನು ಗಂಡನಿಗೂ ಹೇಳಲಿಲ್ಲ. ಎಷ್ಟೋ ವರ್ಷದ ಮೇಲೆ, ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸಿಕೊಡುತ್ತಿದ್ದ ತಮ್ಮನಿಗೆ ಮಾತ್ರ ಹೇಳಿದಳು. ಅವನು ಅತ್ತ. ಯಾರಿಗೂ ಹೇಳುವುದಿಲ್ಲ ಎಂದು ಅವಳ ಕೈ ಮುಟ್ಟಿ ಆಣೆ ಮಾಡಿದ.

ಮರುವರ್ಷ ಲ್ಯಾಬಿನ ರೇಡಿಯೋದಲ್ಲಿ 'ತಾರಸಿ' ಬಂತು. ಮೊದಲ ಎರಡು ಸಾಲು ಕಿವಿಗೆ ಬೀಳುತ್ತಲೇ ಅವಳು ಕೈಯಲ್ಲಿದ್ದ ಮೇಣದ ಚಾಕುವನ್ನು ಕೆಳಗಿಟ್ಟು ಹೊರಗೆ ಹೋದಳು. ಸಂಜೆ ತಮ್ಮನನ್ನು ಹಿಡಿದು ಕೇಳಿದರೆ, "ಹೆಸರು ಹಾಕಿಲ್ವಲ್ಲ ಅಕ್ಕ," ಎಂದ. ಅಷ್ಟೇ. ಅವಳು ಬಹಳ ದಿನ ಮಾತು ಬಿಟ್ಟಳು. ಆಮೇಲೆ, ಒಡಹುಟ್ಟಿದವನನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ ಎಂದುಕೊಂಡು ತಾನಾಗಿಯೇ ಕರೆದು ಊಟ ಇಕ್ಕಿದಳು. ಹಾಡಿನ ಸುದ್ದಿ ಮಾತ್ರ ಇಬ್ಬರೂ ಎತ್ತಲಿಲ್ಲ. ಅದು ಎಲ್ಲಿ ಕೇಳಿಸಿದರೂ ಅವಳು ಎದ್ದು ಹೋಗುವಳು. ಮನೆಯವರು ಅದಕ್ಕೆ ಒಗ್ಗಿಕೊಂಡಿದ್ದರು.

ವರ್ಷದ ನೆನಪಿಗೆಂದು ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ಒಂದು ಚರ್ಚೆ ಇಟ್ಟರು. 'ಚಿನಕುರುಳಿ: ಕಲಾವಿದನೋ, ಬರೀ ಬಾಯಿಯೋ?' ಎಂದು ಬಟ್ಟೆಯ ಮೇಲೆ ದೊಡ್ಡದಾಗಿ ಬರೆಸಿದ್ದರು. ಅಕ್ಕನಿಗೂ ಅವಳ ಗಂಡನಿಗೂ ಮೊದಲ ಸಾಲಿನಲ್ಲಿ ಕುರ್ಚಿ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ರಜೆ ಹಾಕಿ, ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಹೈಸ್ಕೂಲಿನ ಮಗಳು ಗೆಳತಿಯರ ಜೊತೆ ಹಿಂದೆ ಕೂತಿದ್ದಳು. ಮಾಮನ ಹಾಡೆಂದರೆ ಅವಳಿಗೆ ಪ್ರಾಣ.

ವೇದಿಕೆಯ ಮೇಲೆ ಮೂವರು: ಕಾಲೇಜಿನ ಸಂಗೀತದ ಮೇಡಂ, ಒಬ್ಬ ಪತ್ರಕರ್ತ, ಮತ್ತೆ ಡೋಲು. ಡೋಲು ಎಂದರೆ ಚಿನಕುರುಳಿಯ ಹಾಡುಗಳಿಗೆಲ್ಲ ತಾಳ ಕೂಡಿಸಿದ ಗೆಳೆಯ. ಅಕ್ಕನ ಮನೆಯಲ್ಲಿ ಮನೆಮಗನಂತೆ ಉಂಡವನು.

ಶುರುವಿನಲ್ಲೇ 'ತಾರಸಿ' ಹಾಕಿದರು. ಎದ್ದು ಹೋಗೋಣವೆಂದರೆ ಸಭೆಯ ಕಣ್ಣೆಲ್ಲ ಅವಳ ಮೇಲೆ. ಹಲ್ಲು ಕಚ್ಚಿ ಕೂತಳು. ಅವಳು ಎಂದೂ ಕೇಳಿರದ ಎರಡನೇ ಚರಣ ಬಂತು:

*ಮೆಟ್ಟಿಲು ಮೆಟ್ಟಿಲು ಹತ್ತಿದಳು ತಾಯಿ*
*ಬೆನ್ನಟ್ಟಿ ಬಂತು ಕೂಸಿನ ಬಾಯಿ*
*ಅತ್ತರೆ ನೀನು ನಾ ಹೇಗಿರಲಿ*
*ನಿನ್ನಿಂದ ದೂರ ಎಲ್ಲಿಗೆ ಹಾರಲಿ*

 ನಡೆದದ್ದು ಹೀಗಲ್ಲ. ಕೂಸು ಅವಳನ್ನು ಅಟ್ಟಿರಲಿಲ್ಲ, ಅದು ಮಲಗಿತ್ತು. ಅವಳು ಅಂಚಿಗೆ ಹೋಗಿ ನಿಂತಾಗ ಕೆಳಗೆ ಎಚ್ಚರವಾಗಿ ಅತ್ತಿತು. ಆ ಅಳುವೇ ಅವಳನ್ನು ಕೆಳಗೆ ಕರೆದದ್ದು. ತಮ್ಮನಿಗೆ ಹೇಳಿದ್ದೂ ಹಾಗೆಯೇ. ಅವನು ತಿರುವಿ ಹಾಕಿದ್ದ. ಹಿಂದಿನಿಂದ ಮಕ್ಕಳ ದನಿ ಹಾಡಿನ ಜೊತೆ ಸೇರಿ ಕೇಳಿಸುತ್ತಿತ್ತು; ಅದರಲ್ಲಿ ತನ್ನ ಮಗಳ ದನಿ ಅವಳಿಗೆ ಬೇರೆಯಾಗಿಯೇ ಕೇಳಿಸಿತು.

ಚರ್ಚೆ ಕಾವೇರಿತು. "ಅವನಿಗೆ ಸ್ವರ ಇರಲಿಲ್ಲ," ಎಂದರು ಮೇಡಂ. "ಇರಬೇಕಾಗಿಯೂ ಇರಲಿಲ್ಲ. ಜನ ಆಡೋ ಮಾತಿನೊಳಗೇ ಒಂದು ನಡೆ ಇರುತ್ತೆ, ಅದು ಅವನಿಗೆ ಕೇಳಿಸ್ತಿತ್ತು. ನಲವತ್ತು ವರ್ಷ ಪಾಠ ಮಾಡಿದರೂ ಅದನ್ನ ಕಲಿಸೋಕಾಗಲ್ಲ."

ಪತ್ರಕರ್ತ ಒಪ್ಪಲಿಲ್ಲ. "ಒಂದು ಹಾಡು ಬಿಡಿ, ಉಳಿದದ್ದೆಲ್ಲ ಬಡಾಯಿ. ನನ್ನ ಬೈಕು, ನನ್ನ ಬೂಟು, ನನ್ನ ಕಂಡರೆ ಆಗದವರು. ಆ ಒಂದು ಹಾಡಾದರೂ ಅವನಿಗೆ ಎಲ್ಲಿಂದ ಬಂತು? ಯಾವ ಹೆಂಗಸು ಅವಳು? ನಾನು ಹುಡುಕ್ತಾ ಇದೀನಿ, ಸಿಕ್ಕೇ ಸಿಗ್ತಾಳೆ."

ಡೋಲು ಮೈಕನ್ನು ಹತ್ತಿರಕ್ಕೆಳೆದುಕೊಂಡ. "ಹುಡುಕೋದು ಬೇಡ ಸರ್. ಅಂಥ ಹೆಂಗಸು ಇಲ್ಲ. ಅದು ಕಟ್ಟುಕಥೆ. ಜನ ಕಣ್ಣೀರು ಹಾಕಲಿ ಅಂತ ಕೂತು ಹೆಣೆದದ್ದು. ಇನ್ನೊಂದು ಮಾತು, ಅವನಿಗೆ ತಾಳ ನಿಲ್ತಿರಲಿಲ್ಲ. ಒಂದೊಂದು ಸಾಲನ್ನೂ ಕತ್ತರಿಸಿ ಕತ್ತರಿಸಿ ಕೂಡಿಸಿದವನು ನಾನು."

ಸಭೆಯಲ್ಲಿ ಗದ್ದಲವೆದ್ದಿತು.  ಅಕ್ಕನ ಕೈಯಡುಗೆ ಉಂಡವನು, ಉಂಡ ಮನೆಯ ಜಂತೆ ಎಣಿಸುತ್ತಿದ್ದ, ಅದೂ ಗೆಳೆಯ ಸತ್ತ ಮೇಲೆ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳು ಡೋಲುವನ್ನು ಕುಡಿಯುವ ನೀರಿನ ನಲ್ಲಿಯ ಹತ್ತಿರ ಅಡ್ಡ ಹಾಕಿದಳು. "ಅವನು ನಿನಗೇನು ಕಡಿಮೆ ಮಾಡಿದ್ದ ಅಂತ ಹೀಗೆ ಮಾತಾಡಿದೆಯಪ್ಪಾ?"

ಡೋಲು ಸುತ್ತ ನೋಡಿ ದನಿ ತಗ್ಗಿಸಿದ. "ತಾಳದ ಮಾತು ನಿಜ ಅಕ್ಕ. ಆದರೆ ಕಟ್ಟುಕಥೆ ಅಂದದ್ದು ನಿಮಗೋಸ್ಕರ. ಆ ಪತ್ರಕರ್ತ ಬಿಡೋ ಆಸಾಮಿ ಅಲ್ಲ. ನಿಮ್ಮ ಬಾಗಿಲಿಗೆ ಬರ್ತಾನೆ."

 "ಅದು ನಾನು ಅಂತ ನಿನಗೆ ಹೇಗೆ ಗೊತ್ತು?"

"ಅವನೇ ಹೇಳಿದ್ದ."

"ಇನ್ನೂ ಯಾರಿಗೆಲ್ಲ ಹೇಳಿದ್ದ?"

"ನಮ್ಮ ಗುಂಪಿನವರಿಗೆ ಗೊತ್ತು. ಹೊರಗೆ ಯಾರಿಗೂ ಇಲ್ಲ ಅಕ್ಕ, ಸತ್ಯವಾಗ್ಲೂ. ಅವನಿಗೂ ಅಳುಕಿತ್ತು, ಸುಮ್ಸುಮ್ನೆ ಬಿಡಲಿಲ್ಲ ಹಾಡನ್ನ. ಭಾವ ಒಪ್ಪಿದ ಮೇಲೆ ತಾನೇ ಬಿಟ್ಟದ್ದು."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಅರ್ಥವಾಯಿತು. ನೀರಿನ ಲೋಟ ಕೈಯಲ್ಲೇ ನಿಂತಿತು. "ನಿಮಗೆ ಗೊತ್ತಿರಲಿಲ್ವಾ ಅಕ್ಕ?" ಎಂದು ಕೇಳಿದಾಗ ಅವಳು ಆಗಲೇ ಹೊರಟಿದ್ದಳು.

ಗಂಡ ಮೆಟ್ಟಿಲ ಮೇಲೆ ಕೂತು ಕಾಗದದ ತಟ್ಟೆಯಲ್ಲಿ ಇಬ್ಬರ ಊಟ ಇಟ್ಟುಕೊಂಡು ಕಾಯುತ್ತಿದ್ದ.

"ಆ ಹಾಡು ಹೊರಗೆ ಬಿಡು ಅಂತ ನೀವು ಹೇಳಿದ್ರಾ?"

ಅವನು ತಟ್ಟೆಯನ್ನು ಪಕ್ಕಕ್ಕಿಟ್ಟ. ಇಲ್ಲ ಎನ್ನಲಿಲ್ಲ. "ಕೇಳಿದ. ಒಂದು ದಿನ ಕೆಲಸದ ಹತ್ತಿರ ಬಂದು ಎಲ್ಲಾ ಹೇಳಿ ಅತ್ತ. ಬಿಡ್ಲಾ ಭಾವ ಅಂದ. ಊರೆಲ್ಲ ಮೆಚ್ಚಿದರೆ ನಿನ್ನ ಮನಸ್ಸಿನ ಭಾರ ಇಳಿದೀತು ಅಂತ... ಹೂಂ ಅಂದೆ."

"ನನ್ನ ಮಾತಿಗೆ ನಿಮ್ಮ ಹೂಂ."

"ನಿನ್ನ ಕೇಳೋ ಧೈರ್ಯ ಆಗಲಿಲ್ಲ ಕಣೇ. ಏನಂತ ಕೇಳಲಿ? ಅವತ್ತೇ ತಾರಸಿ ಬಾಗಿಲಿಗೆ ಬೀಗ ಹಾಕಿದೆ."

"ಕಳ್ಳರ ಕಾಟ ಅಂದಿದ್ರಿ."

ಅವನು ತಲೆ ತಗ್ಗಿಸಿದ. ಅಕ್ಕ ಅವನನ್ನೇ ನೋಡುತ್ತ ನಿಂತಳು. ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಉಂಡು, ಮಲಗಿ, ಸಣ್ಣಪುಟ್ಟದಕ್ಕೆ ಜಗಳವಾಡಿ, ತಾನೊಬ್ಬಳೇ ಗುಟ್ಟು ಹೊತ್ತಿದ್ದೇನೆ ಎಂದುಕೊಂಡಿದ್ದಳು. ಹಾಡು ಕೇಳಿಸಿ ಅವಳು ಎದ್ದು ಹೋದಾಗಲೆಲ್ಲ ಹಿಂದೆ ಕೂತವನಿಗೆ ಅದರ ಅರ್ಥ ತಿಳಿದಿತ್ತು. ಆ ಗುಟ್ಟಿನ ಹಿತ್ತಲ ಬಾಗಿಲು ತೆರೆದೇ ಇತ್ತು. ಮುಂಬಾಗಿಲಿಗೆ ಅಗುಳಿ ಹಾಕಿ ಕೂತವಳು ಅವಳೊಬ್ಬಳೇ. ತಮ್ಮ ಅವಳ ಕೈ ಮುಟ್ಟಿ ಆಣೆ ಮಾಡಿ, ಅನುಮತಿಯನ್ನು ಮಾತ್ರ ಗಂಡಸಿನ ಹತ್ತಿರ ಕೇಳಿದ್ದ. ಆ ಗಂಡಸು ಕೊಟ್ಟೂ ಇದ್ದ.

 ಅವಳು ಒಳಗೆ ಹೋಗಿ ಮಗಳನ್ನು ಕರೆದಳು.

ಗ್ರಂಥಾಲಯದ ಹಿಂದೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಟ್ಟೆಯ ಮೇಲೆ ಕೂತರು. ಅಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು. ತನಗೆ ಕಾಯಿಲೆಯಾಗಿತ್ತು, ಅದು ಕಾಯಿಲೆ ಎಂದು ಆಗ ಗೊತ್ತಿರಲಿಲ್ಲ, ತಾರಸಿಯ ಹೆಂಗಸು ತಾನೇ. ಮಗಳು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಹಾಗಾದರೆ ಹಾಡಲ್ಲಿ ಅಳೋ ಕೂಸು ನಾನಾ?"

"ಹೂಂ."

"ನಾನು ಅಳ್ತಿದ್ದೆ ಅಂತ ನೀನು..." ಮಾತು ಅಲ್ಲಿಗೇ ನಿಂತಿತು. "ಅಮ್ಮ, ನಾನು ಸ್ಕೂಲ್ ಡೇನಲ್ಲಿ ಆ ಸಾಲು ಹಾಡಿದೀನಿ."

"ಅದು ಸುಳ್ಳು ಸಾಲು. ಅದಕ್ಕೇ ನಿನ್ನ ಕರೆದದ್ದು. ನೀನು ಅತ್ತೆ, ನಾನು ಇಳಿದು ಬಂದೆ. ಅವತ್ತು ನೀನು ನಿದ್ದೆ ಮಾಡಿದ್ದಿದ್ರೆ ನಾನು ಇವತ್ತು ಇಲ್ಲಿ ಕೂತಿರ್ತಿರಲಿಲ್ಲ."

ಮಗಳು ಜಡೆ ಬಿಟ್ಟು ಅಮ್ಮನತ್ತ ತಿರುಗಿ, "ಮಾಮನಿಗೆ ಇದು ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು."

"ಮತ್ತೆ ಯಾಕೆ ಹಾಗೆ ಬರೆದ?"

ಅಕ್ಕ ಮಗಳ ಜಡೆಯನ್ನು ಬೆನ್ನಿಗೆ ಸರಿಸಿದಳು. "ನಾನು ಒಳಗೆ ಹೋಗಿ ಇದನ್ನ ಎಲ್ಲರ ಮುಂದೆ ಹೇಳಬೇಕು ಅಂತಿದೀನಿ. ನೀನು ಬೇಡ ಅಂದರೆ ಹೇಳಲ್ಲ. ಇದರಲ್ಲಿ ನೀನೂ ಇದೀಯ."

ಮಗಳು ಕಣ್ಣೊರೆಸಿಕೊಂಡಳು. "ಹೇಳು. ಆದರೆ ನಾನು ಮುಂದೆ ಕೂರ್ತೀನಿ."

ಊಟದ ಮೇಲೆ ಮನೆಯವರ ಪರವಾಗಿ ಎರಡು ಮಾತು ಎಂದು ಅಕ್ಕನನ್ನು ಕರೆದರು. ಅವಳು ಮೈಕಿನ ಮುಂದೆ ಹೋಗಿ ನಿಂತಳು.

"ನನ್ನ ತಮ್ಮ ದೊಡ್ಡ ಕಲಾವಿದನಾ ಅಂತ ನನ್ನ ಕೇಳಬೇಡಿ, ನನಗೆ ತಿಳಿಯಲ್ಲ. ಚಿಕ್ಕಂದಿನಿಂದಲೂ ಅವನದು ಕಿವಿ ಚುರುಕು. ಯಾರು ಹೇಗೆ ಮಾತಾಡಿದರೂ ಹಾಗೇ ಆಡಿ ತೋರಿಸ್ತಿದ್ದ. 'ತಾರಸಿ' ಕಟ್ಟುಕಥೆ ಅಲ್ಲ. ಆ ಹೆಂಗಸು ನಾನು. ಅವನೊಬ್ಬನಿಗೆ ಹೇಳಿದ್ದೆ, ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿದ್ದ. ನನ್ನ ಕೇಳದೆ ಹಾಡಿದ. ಹಾಡಿದವನು ನಡೆದದ್ದನ್ನಾದರೂ ನಡೆದ ಹಾಗೆ ಹಾಡಲಿಲ್ಲ. ಕೂಸು ನನ್ನ ಅಟ್ಟಲಿಲ್ಲ. ಅದು ಅತ್ತದ್ದರಿಂದ ನಾನು ಬದುಕಿದೆ. ಇದು ಎಲ್ಲರಿಗೂ ಗೊತ್ತಿರಲಿ."

 ಒಂದು ಮೂಲೆಯಿಂದ ಚಪ್ಪಾಳೆ ಎದ್ದಿತು, ಸಭೆಯನ್ನೆಲ್ಲ ತುಂಬಿತು. ಅಕ್ಕನಿಗೆ ಒಂದು ಗಳಿಗೆ ಅದು ತನಗೆಂದೇ ಅನ್ನಿಸಿತು.

ಮೇಡಂ ಮೈಕು ತೆಗೆದುಕೊಂಡರು. ಅವರ ಕಣ್ಣು ತೇವವಾಗಿತ್ತು. "ತಾಯಿ, ನಿಮಗೆ ನೋವಾಗಿದೆ, ಒಪ್ಪಿದೆ. ಆದರೆ ನೋಡಿ, ಅಳುವನ್ನ ಅವನು ತಿರುಗಿಸಿದ್ದರಲ್ಲೇ ಆ ಹಾಡಿನ ಶಕ್ತಿ ಇರೋದು. ನಡೆದ ಹಾಗೇ ಹೇಳಿದ್ದರೆ ಅದು ಸುದ್ದಿಯಾಗ್ತಿತ್ತು, ಹಾಡಾಗ್ತಿರಲಿಲ್ಲ."

ಪತ್ರಕರ್ತ ಎದ್ದು ನಿಂತು ತನ್ನ ಮಾತನ್ನು ವಾಪಸು ತೆಗೆದುಕೊಂಡ. ಮನೆಯ ಸಂಕಟವನ್ನು ಊರಿನ ಹಾಡಾಗಿಸಿದವನು ನಿಜವಾದ ಕಲಾವಿದನೇ ಎಂದ. ಹುಡುಗರು ಹಿಂದಿನಿಂದ 'ಚಿನಕುರುಳಿ, ಚಿನಕುರುಳಿ' ಎಂದು ತಾಳ ಹಾಕತೊಡಗಿದರು. ಚರ್ಚೆ ಮುಗಿದಿತ್ತು, ಗೆದ್ದವನು ಸತ್ತ ತಮ್ಮ. ಅವಳು ಅವನ ಮೇಲೆ ಹೇಳಿದ ದೂರು ಅವನ ಪರವಾದ ಸಾಕ್ಷಿಯಾಗಿತ್ತು. ಡೋಲು ಮಾತ್ರ ಚಪ್ಪಾಳೆ ತಟ್ಟದೆ ಮೇಜನ್ನು ನೋಡುತ್ತ ಕೂತಿದ್ದ. ಮುಂದಿನ ಸಾಲಿನಲ್ಲಿ ಮಗಳೂ ಕೈ ಕಟ್ಟಿ ಕೂತಿದ್ದಳು.

ಅಕ್ಕ ಕೆಳಗಿಳಿದು ಮಗಳ ಕೈ ಹಿಡಿದು ಹೊರಗೆ ನಡೆದಳು. ಗಂಡ ಸ್ವಲ್ಪ ದೂರ ಬಿಟ್ಟು ಹಿಂದೆ ಬಂದ.

ಆಮೇಲೆ ರೇಡಿಯೋದವರು ಹಾಡಿಗೆ ಮೊದಲು 'ಅಕ್ಕನ ನಿಜಜೀವನದ ಕಥೆ' ಎಂದು ಸೇರಿಸಿ ಹೇಳತೊಡಗಿದರು. ಎರಡನೇ ಚರಣ ಹಾಗೆಯೇ ಇತ್ತು. ಡೋಲು ಒಂದು ಸಂಜೆ ಬಂದು, ಬೇಕಾದರೆ ಅದನ್ನು ತೆಗೆದು ಹೊಸದಾಗಿ ಬಿಡುತ್ತೇನೆ ಎಂದ. "ಊರೆಲ್ಲ ಬಾಯಿಪಾಠ ಮಾಡಿದ ಮೇಲೆ ಏನು ತೆಗೀತೀಯಪ್ಪಾ," ಎಂದಳು ಅಕ್ಕ. ಅವನಿಗೆ ಊಟಕ್ಕೇಳು ಎನ್ನಲಿಲ್ಲ. ಅವಳ ಜೀವನದಲ್ಲಿ ಅವನನ್ನು ಉಣ್ಣಿಸದೆ ಕಳಿಸಿದ್ದು ಅದೇ ಮೊದಲು. ಅವನು ಹೋದ ಮೇಲೆ ಅದಕ್ಕೂ ಸಂಕಟಪಟ್ಟಳು.

ಲ್ಯಾಬಿನಲ್ಲಿ ಪಾಲಿಶ್ ಹಿಡಿಯುವ ಹೆಂಗಸು ಹಾಡು ಬಂದ ಕೂಡಲೇ ಎದ್ದು ರೇಡಿಯೋ ಆರಿಸುವಳು. ಯಾರೂ ಹೇಳಿಕೊಟ್ಟದ್ದಲ್ಲ.

ಗಂಡ ಹಲವು ದಿನ ಮಾತಿಗೆ ತಡಕಾಡಿದ. ಕೊನೆಗೆ ಒಂದು ಭಾನುವಾರ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಎದುರಿಗೆ ಬಂದು ಕೂತ. ತಾನೂ ಒಂದು ಬಟ್ಟೆ ತೆಗೆದುಕೊಂಡ.

"ಅವತ್ತು ಏನಾಗಿತ್ತು, ನನಗೂ ಹೇಳ್ತೀಯಾ?"

ಎಷ್ಟೋ ವರ್ಷದ ಹಿಂದೆ ಕೇಳಬೇಕಾಗಿದ್ದ ಮಾತು. ಅಕ್ಕ ಅವನ ಮುಖ ನೋಡಿದಳು. ಸಿಟ್ಟು ಇನ್ನೂ ಇದ್ದಲ್ಲೇ ಇತ್ತು, ಆದರೂ ಅವನು ಕೇಳಿದ್ದು ಅವಳನ್ನೇ.

"ಇವತ್ತು ಬೇಡ," ಎಂದಳು. "ಹೇಳಬೇಕು ಅನ್ನಿಸಿದಾಗ ನಾನೇ ಹೇಳ್ತೀನಿ."

ಅವನು ಹೂಂ ಎಂದ. ಇಬ್ಬರೂ ಬಟ್ಟೆ ಮಡಿಸುತ್ತ ಕೂತರು.